ಬಾಯ್ಲರ್ ಚಿಮಣಿಯ ಎತ್ತರ ಸಾಲದೆಂದು ನಿಂತಿದ್ದ ಸ್ಥಾಪನಾ ಸಮ್ಮತಿ

1981ರ ವಾಯು ಕಾಯ್ದೆಯ 21ನೇ ಕಲಂ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಸಿಗುವ ಮುಂಚೆ ನಮ್ಮಂಥ ಕಾರ್ಖಾನೆ ಕಟ್ಟುವಂತಿಲ್ಲ. ನಮ್ಮ ಅರ್ಜಿಗೆ ಮಂಡಳಿಯ ಆಕ್ಷೇಪ ಒಂದೇ: 26 ಮೀಟರ್ ಚಿಮಣಿ ಸಾಲದು.

ಲೆಕ್ಕದ ಸೂತ್ರ: ಎತ್ತರ (ಮೀಟರ್) = 14 × ಕ್ಯೂ ಘಾತ 0.3. ಕ್ಯೂ ಎಂದರೆ ಗಂಟೆಗೆ ಹೊರಬರುವ ಸಲ್ಫರ್ ಡೈಆಕ್ಸೈಡ್, ಕಿಲೋಗ್ರಾಂಗಳಲ್ಲಿ. ಇಂಧನದ ಗಂಧಕವನ್ನೇ ಕ್ಯೂ ಅಂತ ಹಾಕಿದರೆ ಕೆಟ್ಟಿತು. ಗಂಧಕದ ಪರಮಾಣು ತೂಕ 32, ಉರಿದ ಮೇಲೆ ಬರುವ ಅನಿಲದ ಅಣು ತೂಕ 64. ಹಾಗಾಗಿ ಎರಡರಿಂದ ಗುಣಿಸಲೇಬೇಕು.

ನಮ್ಮ ಬಾಯ್ಲರ್‌ನ ಇಂಧನ ಗಂಟೆಗೆ 200 ಕೆಜಿ ಫರ್ನೇಸ್ ಆಯಿಲ್, ಗಂಧಕ ಶೇ. 4: ಗಂಧಕ 8 ಕೆಜಿ, ಅನಿಲ 16 ಕೆಜಿ. 8 ಹಾಕಿದರೆ 26.1 ಮೀಟರ್, 16 ಹಾಕಿದರೆ 32.2. ಕಡತದಲ್ಲಿದ್ದದ್ದು ಮೊದಲನೆಯದು. ಗಂಧಕದ ಪ್ರಮಾಣಕ್ಕೆ ಸರಬರಾಜುದಾರರ ಪರೀಕ್ಷಾ ವರದಿಯನ್ನೇ ಲಗತ್ತಿಸಿ. ಅಂದಾಜು ಅಂಕಿ ಹಾಕಿದರೆ ಮತ್ತೊಂದು ಪತ್ರ ಬರುವುದು ಖಾತ್ರಿ.

ಶೇ. 1 ಗಂಧಕದ ಎಲ್‌ಎಸ್‌ಎಚ್‌ಎಸ್ (ಕಡಿಮೆ ಗಂಧಕದ ಮಂದ ಇಂಧನ ತೈಲ) ಆದರೆ 21.2 ಮೀಟರ್ ಸಾಕು. ಆದರೆ ಅದು ತಣ್ಣಗಾದರೆ ಗಟ್ಟಿಯಾಗುತ್ತದೆ. ಟ್ಯಾಂಕಿಗೂ ಪೈಪಿಗೂ ಹಬೆಯ ಬಿಸಿ ಬೇಕು, ಅದರ ತಲೆನೋವು ಬೇರೆ. 33 ಮೀಟರ್ ಚಿಮಣಿಯೇ ವಾಸಿ.

ಎತ್ತರ ಬದಲಾದರೆ ತಳಪಾಯ, ಗಾಳಿ ಒತ್ತಡದ ಲೆಕ್ಕವೂ ಬದಲು. ಪರಿಷ್ಕೃತ ನಕ್ಷೆಯೊಡನೆ ಅವನ್ನೂ ಕೊಟ್ಟೆವು. ಹೊಗೆಯ ಮಾದರಿ ತೆಗೆಯುವ ರಂಧ್ರ, ಹೊಗೆಯ ದಾರಿ ಬಾಗಿದ ಜಾಗದಿಂದ ಚಿಮಣಿ ವ್ಯಾಸದ ಎಂಟು ಪಟ್ಟು ಮೇಲೆ, ಚಿಮಣಿ ತುದಿಯಿಂದ ಎರಡು ಪಟ್ಟು ಕೆಳಗೆ ಇರಲಿ. ಏಣಿ, ನಿಲ್ಲುವ ಕಟ್ಟೆಯನ್ನೂ ಅದೇ ನಕ್ಷೆಯಲ್ಲಿ ತೋರಿಸಿ. ಚಿಮಣಿ ನಿಲ್ಲಿಸಿದ ಮೇಲೆ ಕೊರೆಯಲು ಹೋದರೆ ಕ್ರೇನ್ ಬಾಡಿಗೆ ದಂಡ.