ಪಾಠ ವಾರ್ಡಿನಿಂದಲೇ ಶುರುವಾಗಲಿ: ಆಸ್ಪತ್ರೆಯಲ್ಲಿ ಸಿಎಂಇ ನಡೆಸುವುದು ಹೇಗೆ?

ಸಿಎಂಇ, ಅಂದರೆ ವೈದ್ಯರ ನಿರಂತರ ಶಿಕ್ಷಣದ ಕಾರ್ಯಕ್ರಮ, ಈಗ ಹೋಟೆಲಿನ ತಂಪು ಸಭಾಂಗಣ, ಮುಗಿಯದ ಸ್ಲೈಡುಗಳು, ಕೊನೆಗೊಂದು ಭರ್ಜರಿ ಊಟ ಎಂಬಂತಾಗಿದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಊಟದ ಹೊತ್ತಿಗೆ ಮರಳುವವರೂ ಇಲ್ಲದಿಲ್ಲ. ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ನಿರಂತರ ವೈದ್ಯಕೀಯ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕು ಎಂದು ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿ ಹೇಳುತ್ತದೆ. 2023ರಲ್ಲಿ ಹೊಸ ನಿಯಮಗಳು ಬಂದವು, ಅದೇ ತಿಂಗಳು ತಡೆಹಿಡಿಯಲ್ಪಟ್ಟವು. ಹೀಗಾಗಿ ಹಳೆಯ ಲೆಕ್ಕವೇ ನಡೆದಿದೆ. ಗಂಟೆ ತುಂಬಿಸುವುದು ಕಷ್ಟವಲ್ಲ. ಆ ಗಂಟೆಗಳಿಂದ ವಾರ್ಡಿನಲ್ಲಿ ಏನಾದರೂ ಬದಲಾಗುವಂತೆ ಮಾಡುವುದೇ ಕಷ್ಟ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯೊಂದು, ದೊಡ್ಡ ಖರ್ಚಿಲ್ಲದೆ, ಬೇರೆ ಬೇರೆ ವಿಭಾಗಗಳ ವೈದ್ಯರನ್ನೂ ಮಾನಸಿಕ ಆರೋಗ್ಯ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿ ಅರ್ಧ ದಿನದ ಸಿಎಂಇ ನಡೆಸುವ ಬಗೆ ಇಲ್ಲಿದೆ.

ಮೊದಲು ಪ್ರಶ್ನೆ, ಆಮೇಲೆ ಭಾಷಣಕಾರರು

ಹೆಸರಾಂತ ತಜ್ಞರ ದಿನಾಂಕ ಪಡೆದು ಆಮೇಲೆ ವಿಷಯ ಹುಡುಕುವುದು ತಲೆಕೆಳಗಾದ ಕ್ರಮ. ರಾತ್ರಿ ಪಾಳಿಯ ನರ್ಸ್‌ಗಳನ್ನು ಕೇಳಿ: ಯಾವ ರೋಗಿಯ ಎದುರು ನಿಮಗೆ ಕೈಕಾಲು ಆಡುವುದಿಲ್ಲ? ಬಹಳಷ್ಟು ಕಡೆ ಸಿಗುವ ಉತ್ತರಗಳಲ್ಲಿ ಇದೊಂದು. ಕಾಲು ಮುರಿದುಕೊಂಡು ದಾಖಲಾದ ನಡುವಯಸ್ಸಿನ ಗಂಡಸು. ಮೊದಲ ದಿನ ಸುಮ್ಮನಿದ್ದ. ಎರಡನೇ ದಿನ ಕೈ ನಡುಕ, ಬೆವರು, ನಿದ್ದೆಯಿಲ್ಲ. ಮೂರನೇ ರಾತ್ರಿ ಡ್ರಿಪ್ ಕಿತ್ತೆಸೆದು, ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಕೊಡವುತ್ತಾ, ಪಕ್ಕದ ಮಂಚದವರನ್ನು ತಮ್ಮನೆಂದು ತಿಳಿದು ಬೈಯುತ್ತಾನೆ. ಮೂಳೆ ವೈದ್ಯರು ಮನೋವೈದ್ಯರಿಗೆ ತೋರಿಸಲು ಬರೆಯುತ್ತಾರೆ. ಮನೋವೈದ್ಯರು ಮೊದಲು ಫಿಸಿಷಿಯನ್ ನೋಡಲಿ ಎನ್ನುತ್ತಾರೆ. ಅಷ್ಟರಲ್ಲಿ ವಾರ್ಡಿನವರು ರೋಗಿಯ ಕೈಕಾಲು ಕಟ್ಟಿರುತ್ತಾರೆ.

ಇದು ನಿತ್ಯದ ಕುಡಿತ ದಿಢೀರನೆ ನಿಂತಾಗ ಹಿಡಿಯುವ ಸನ್ನಿ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್, 48 ಗಂಟೆ ದಾಟಿದ ಮೇಲೆ ಸನ್ನಿ ಎಂಬುದು ಸಾಮಾನ್ಯ ಕ್ರಮ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಇಷ್ಟು ನಿಗದಿತ ಗಡಿಯಾರವಿರುವ ಕಾಯಿಲೆ ಮೂರನೇ ರಾತ್ರಿಯೇ ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ ಎಂದರೆ, ಮೊದಲ ದಿನ ಯಾರೂ ಕೇಳಲಿಲ್ಲ ಎಂದೇ ಅರ್ಥ. ಮದ್ಯದ ಸಮಸ್ಯೆ ಇರುವವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿರುವುದನ್ನು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತೋರಿಸಿದೆ. ಅಂಥವರು ಮನೋವೈದ್ಯರ ಬಾಗಿಲು ತಟ್ಟುವ ಮೊದಲೇ ಮೂಳೆ, ಹೊಟ್ಟೆ, ಸುಟ್ಟ ಗಾಯದ ವಾರ್ಡುಗಳಿಗೆ ಬಂದಿರುತ್ತಾರೆ.

ವಿಷಯ ಗೊತ್ತಾದ ಮೇಲೆ ಇತ್ತೀಚಿನ 20 ಕೇಸ್ ಶೀಟ್‌ಗಳನ್ನು ತೆಗೆಸಿ. ಎಷ್ಟರಲ್ಲಿ ಕೊನೆಯ ಬಾರಿ ಕುಡಿದ ಹೊತ್ತು ಬರೆದಿದೆ ಎಂದು ಎಣಿಸಿ, ಆ ಸಂಖ್ಯೆಯನ್ನು ಎತ್ತಿಡಿ. ಇದು ಮುಂದೆ ಬೇಕಾಗುತ್ತದೆ.

ಯಾರು ಕೂರಬೇಕು

ಫಿಸಿಷಿಯನ್, ಮೂಳೆ ಮತ್ತು ಶಸ್ತ್ರಚಿಕಿತ್ಸಾ ವಿಭಾಗದವರು, ತುರ್ತು ವಿಭಾಗದ ಕಿರಿಯ ವೈದ್ಯರು, ಸ್ಟಾಫ್ ನರ್ಸ್‌ಗಳು ಬೇಕೇ ಬೇಕು. ಮಾನಸಿಕ ಆರೋಗ್ಯದ ಕಡೆಯವರಿಗಾಗಿ ಬೆಂಗಳೂರಿಗೆ ಫೋನ್ ಮಾಡಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕರೆಯಿರಿ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರನ್ನೇ ಆ ದಿನ ಮಧ್ಯಾಹ್ನ ಉಳಿಸಿಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ಆರೋಗ್ಯದ ಪ್ರಾಥಮಿಕ ಮತ್ತು ತುರ್ತು ಚಿಕಿತ್ಸೆಯ ತರಬೇತಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಮೇಲಧಿಕಾರಿಗಳು ಹಿಂದೇಟು ಹಾಕಿದರೆ ಪತ್ರದಲ್ಲಿ ಇದನ್ನು ಕಾಣಿಸಿ. ನಮ್ಮಲ್ಲಿ ಇದು ಹೊಸದೂ ಅಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಇಂಥ ತರಬೇತಿ ಕೊಟ್ಟಿತ್ತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ.

ಅರ್ಜಿ ಮತ್ತು ಹಣ

ಈ ಗಂಟೆಗಳು ವೈದ್ಯರ ಲೆಕ್ಕಕ್ಕೆ ಸೇರಬೇಕಿದ್ದರೆ, ಅಂದರೆ ಕ್ರೆಡಿಟ್ ಬೇಕಿದ್ದರೆ, ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಮುಂಚಿತವಾಗಿಯೇ ಅರ್ಜಿ ಹಾಕಬೇಕು. ವಿಷಯ, ವೇಳಾಪಟ್ಟಿ, ಉಪನ್ಯಾಸಕರ ವಿವರ ಸಿದ್ಧವಿರಲಿ. ಒಂದು ಸಂಗತಿಯನ್ನು ಸಂಘಟಕರು ಮರೆಯುವುದುಂಟು: ಆ ಕ್ರೆಡಿಟ್ ವೈದ್ಯರದ್ದು ಮಾತ್ರ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ನರ್ಸ್‌ಗಳದ್ದು ನರ್ಸಿಂಗ್ ಪರಿಷತ್ತಿನಲ್ಲಿ. ಅವರಿಗೂ ಅಂಕ ಸಿಗಬೇಕಾದರೆ ಆಯಾ ಪರಿಷತ್ತಿಗೆ ಬೇರೆಯೇ ಅರ್ಜಿ. ಮೂರು ಕಡೆ ಓಡಾಡುವುದು ರಗಳೆಯೇ, ಆದರೆ ವೈದ್ಯರಿಗೆ ಪ್ರಮಾಣಪತ್ರ, ನರ್ಸ್‌ಗೆ ಬರೀ ಚಹಾ ಎಂದಾದರೆ ಮುಂದಿನ ಸಲ ನರ್ಸ್‌ಗಳು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಔಷಧ ಕಂಪನಿಗಳಿಂದ ವೈದ್ಯರು ಉಡುಗೊರೆ, ಪ್ರಯಾಣ, ಆತಿಥ್ಯ ಪಡೆಯಬಾರದೆಂದು 2002ರ ಆ ನಿಯಮಾವಳಿಗೆ 2009ರಲ್ಲಿ ತಂದ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಆಸ್ಪತ್ರೆಯದೇ ಸಭಾಂಗಣ, ಚಹಾ, ಉದ್ದಿನ ವಡೆ ಸಾಕು. ಮೂರು ಗಂಟೆಯ ಕಾರ್ಯಕ್ರಮಕ್ಕೆ ಪ್ರಾಯೋಜಕರು ಏಕೆ ಬೇಕು?

ಮೂರು ಗಂಟೆಯಲ್ಲಿ ಏನು ಮಾಡಬೇಕು

ಉಪನ್ಯಾಸ ಅರ್ಧ ಗಂಟೆ ಮೀರದಿರಲಿ. ಬರೀ ಉಪನ್ಯಾಸ ಕೇಳಿ ವೈದ್ಯರ ರೂಢಿ ಬದಲಾಗುವುದು ತೀರಾ ಕಡಿಮೆ. ಮಾಡಿಸಿದರೆ, ಮಾಡುವಾಗ ತಿದ್ದಿದರೆ ಹೆಚ್ಚು ಪ್ರಯೋಜನ.

ಮೊದಲ ಅಭ್ಯಾಸ, ಕೇಳುವುದು. ಇಬ್ಬರಿಬ್ಬರು ಎದುರುಬದುರು ಕೂರಲಿ, ಒಬ್ಬರು ರೋಗಿ, ಇನ್ನೊಬ್ಬರು ವೈದ್ಯರು. ವಾರ್ಡಿನಲ್ಲಿ ಹೆಂಡತಿ, ಅತ್ತೆ, ಪಕ್ಕದ ಮಂಚದವರು ಕೇಳಿಸಿಕೊಳ್ಳುತ್ತಿರುವಾಗ 'ನೀವು ಕುಡಿಯುತ್ತೀರಾ?' ಎಂದರೆ 'ಇಲ್ಲ ಸಾರ್, ಹಬ್ಬ ಹರಿದಿನಕ್ಕೆ ಸ್ವಲ್ಪ' ಎಂಬ ಉತ್ತರವೇ ಬರುವುದು. ಜೊತೆಯವರನ್ನು ಔಷಧ ತರಲು ಕಳಿಸಿ, 'ನಡುಕ ಬರದಂತೆ ಔಷಧ ಕೊಡಬೇಕು, ಅದಕ್ಕೇ ಕೇಳುತ್ತಿದ್ದೇನೆ. ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ? ದಿನಕ್ಕೆ ಎಷ್ಟಾಗುತ್ತದೆ?' ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. 'ಒಂದೇ ಕ್ವಾರ್ಟರ್ ಸಾರ್' ಎಂದಾಗ ಅದನ್ನು ಲೆಕ್ಕಕ್ಕೆ ತಿರುಗಿಸುವುದನ್ನೂ ಇಲ್ಲೇ ಕಲಿಸಿ. ನಮ್ಮ ಅಂಗಡಿಗಳ ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ.ಯಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ಕುಡಿತದ ಸಮಸ್ಯೆ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಪ್ರಶ್ನಾವಳಿಯಲ್ಲಿ 10 ಗ್ರಾಂ ಒಂದು ಡ್ರಿಂಕ್. ಹಾಗಾಗಿ ಆ 'ಒಂದೇ' ಎಂಬುದು ಆರು.

ಎರಡನೇ ಅಭ್ಯಾಸ, ಅಳೆಯುವುದು. ಕುಡಿತ ನಿಂತಾಗಿನ ತೊಂದರೆಯ ತೀವ್ರತೆ ಅಳೆಯುವ ಸಿಐಡಬ್ಲ್ಯುಎ ಮಾಪಕದಲ್ಲಿ ನಡುಕ, ಬೆವರು, ಚಡಪಡಿಕೆ ಮುಂತಾದ 10 ಅಂಶಗಳಿವೆ. ಒಬ್ಬರು ಕೈ ಚಾಚಿ ನಡುಗಿಸುತ್ತಾ ನಟಿಸಲಿ, ಉಳಿದವರೆಲ್ಲ ಅಂಕ ಹಾಕಲಿ. ಒಂದೇ ರೋಗಿಗೆ ವೈದ್ಯರು 9, ನರ್ಸ್ 18 ಕೊಟ್ಟಾಗ ಏಳುವ ವಾದವೇ ಇಡೀ ದಿನದ ಒಳ್ಳೆಯ ಪಾಠ. ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿ.

ಮೂರನೆಯದು ಔಷಧ. ಥಯಾಮಿನ್ (ವಿಟಮಿನ್ ಬಿ1) ಕೊಡದೆ ಗ್ಲೂಕೋಸ್ ಬಾಟಲಿಯನ್ನಷ್ಟೇ ಏರಿಸುವ ರೂಢಿ ಎಷ್ಟು ಅಪಾಯಕಾರಿ, ಲಿವರ್ ಕೆಟ್ಟಿದ್ದರೆ ನಡುಕ, ಚಡಪಡಿಕೆ ತಗ್ಗಿಸಲು ಲೊರಾಜೆಪಾಮ್ ಏಕೆ ಮೇಲು, ಮನೋವಿಕಾರಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಒಂದನ್ನೇ ಚುಚ್ಚಿ ಸುಮ್ಮನಾಗಿಸಿದರೆ ಫಿಟ್ಸ್ ಬರುವ ಸಂಭವವೇನು ಎಂಬುದನ್ನು ಫಿಸಿಷಿಯನ್ ಮತ್ತು ಮನೋವೈದ್ಯರು ಒಟ್ಟಿಗೆ ನಿಂತು ಹೇಳಲಿ. ಡೋಸುಗಳ ಪಟ್ಟಿಗೆ ಅಲ್ಲೇ ಇಬ್ಬರೂ ಸಹಿ ಹಾಕಲಿ.

ಕೊನೆಯ ಹದಿನೈದು ನಿಮಿಷ ಕಟ್ಟುವುದರ ಬಗ್ಗೆ. ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ರೋಗಿಯನ್ನು ಶಿಕ್ಷೆಯಾಗಿ ಕಟ್ಟಬಾರದು, ಸಿಬ್ಬಂದಿ ಕೊರತೆಯನ್ನೇ ಕಾರಣವಾಗಿ ಕೊಟ್ಟು ಕಟ್ಟಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಹೇಳುತ್ತದೆ. ಸಾಮಾನ್ಯ ವಾರ್ಡಿಗೂ ಅದಕ್ಕಿಂತ ಸಡಿಲ ಅಳತೆ ಸಲ್ಲದು. ನರ್ಸ್‌ಗಳು ಮಾತನಾಡಲಿ, ರಾತ್ರಿ ನಲವತ್ತು ರೋಗಿಗಳಿಗೆ ಇಬ್ಬರೇ ಇದ್ದಾಗ ಏನು ಮಾಡಬೇಕೆಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಅಧೀಕ್ಷಕರೇ ಉತ್ತರಿಸಬೇಕು. ಆದ್ದರಿಂದ ಅವರು ಉದ್ಘಾಟನೆಗೆ ದೀಪ ಹಚ್ಚಿ ಹೋಗದೆ ಈ ಹೊತ್ತಿಗೆ ಇರುವಂತೆ ನೋಡಿಕೊಳ್ಳಿ.

ಮುಗಿದ ಮೇಲೆ

ಅನುಮಾನದ ಕೇಸುಗಳನ್ನು ಚರ್ಚಿಸಲು ತಿಂಗಳಿಗೊಮ್ಮೆ ಆನ್‌ಲೈನ್ ಭೇಟಿ ಇಟ್ಟುಕೊಳ್ಳಿ. ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯ ಕೋರ್ಸುಗಳನ್ನೂ ಆಸಕ್ತರು ಸೇರಬಹುದು. ಮನೆಗೆ ಮರಳುವ ರೋಗಿಯ ಚೀಟಿಯಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಡಿ. ಅದರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮೂರು ತಿಂಗಳ ನಂತರ ಮತ್ತೆ 20 ಕೇಸ್ ಶೀಟ್ ತೆಗೆಸಿ, ಎತ್ತಿಟ್ಟ ಸಂಖ್ಯೆಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ. 'ಕಾರ್ಯಕ್ರಮ ಹೇಗಿತ್ತು?' ಎಂಬ ಅಭಿಪ್ರಾಯ ಪತ್ರಗಳಿಂದ ಇದು ತಿಳಿಯುವುದಿಲ್ಲ, ಅದರಲ್ಲಿ ಎಲ್ಲರೂ 'ಉತ್ತಮ' ಎಂದೇ ಬರೆಯುತ್ತಾರೆ. ಸಂಖ್ಯೆ ಏರಿರದಿದ್ದರೆ ಅದೇ ಉಪನ್ಯಾಸವನ್ನು ಇನ್ನೊಮ್ಮೆ ಇಡಬೇಡಿ. ದಾಖಲಾತಿ ನಮೂನೆಯನ್ನು ಮುದ್ರಣಕ್ಕೆ ಕಳಿಸುವಾಗ, ಔಷಧ ಅಲರ್ಜಿಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಕೊನೆಯ ಬಾರಿ ಮದ್ಯ ಸೇವಿಸಿದ ದಿನ, ಗಂಟೆ, ಪ್ರಮಾಣ.