ಟ್ರಾ ಕ್ವೆ ತೋಟದಲ್ಲಿ ಬಾನ್ ಸೆಯೊ: ಸೊಪ್ಪಿನ ಮಡಿಯಿಂದ ಒಲೆಯವರೆಗೆ ನನ್ನ ಅನುಭವ

ಮಧ್ಯ ವಿಯೆಟ್ನಾಂನ ಹೊಯಿ ಆನ್‌ಗೆ ಹೋದವರು ಹಳೇ ಪೇಟೆಯಿಂದ ಹಾಯ್ ಬಾ ಚುಂಗ್ ರಸ್ತೆ ಹಿಡಿದು ಅನ್ ಬಾಂಗ್ ಕಡಲತೀರದ ಕಡೆಗೆ ಸೈಕಲ್ ತುಳಿದರೆ ಸುಮಾರು 3 ಕಿ.ಮೀ. ಒಳಗೆ ಟ್ರಾ ಕ್ವೆ ಊರು ಸಿಗುತ್ತದೆ. ಹದಿನೈದು ಇಪ್ಪತ್ತು ನಿಮಿಷದ ದಾರಿ. ಒಂದು ಕಡೆ ದೆ ವೊಂಗ್ ನದಿ, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳು ಬೆರೆತ ನೆಲದಲ್ಲಿ ಸಾಲುಸಾಲು ಸೊಪ್ಪಿನ ಮಡಿಗಳು. ಇದು ಪ್ರವಾಸಿಗರಿಗೆಂದು ಹಾಕಿದ ತೋಟವಲ್ಲ, ಸೊಪ್ಪು ಬೆಳೆದು ಮಾರಿ ಬದುಕುವ ಊರು. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2024ರಲ್ಲಿ ಅತ್ಯುತ್ತಮ ಪ್ರವಾಸಿ ಗ್ರಾಮಗಳ ಪಟ್ಟಿಗೆ ಇದನ್ನು ಸೇರಿಸಿತು. ಹಳೆಯ ನಕ್ಷೆಗಳಲ್ಲಿ ಊರು ಕ್ವಾಂಗ್ ನಾಮ್ ಪ್ರಾಂತ್ಯದಲ್ಲಿರುತ್ತದೆ. 2025ರ ಜುಲೈ 1ರಿಂದ ಆ ಪ್ರಾಂತ್ಯ ದ ನಾಂಗ್ ನಗರದೊಳಗೆ ಸೇರಿದೆ. ವಿಳಾಸ ಹುಡುಕುವಾಗ ಗೊಂದಲ ಬೇಡ.

ಇಲ್ಲಿನ ಅರ್ಧ ದಿನದ ಅಡುಗೆ ತರಗತಿಗೆ ಸೇರುವ ಮೊದಲು ಮೂರು ಪ್ರಶ್ನೆ ಕೇಳಿಯೇ ಹಣ ಕಟ್ಟಿ. ಒಬ್ಬೊಬ್ಬರಿಗೂ ಬೇರೆ ಒಲೆ ಇದೆಯೇ? ಮಡಿಯಲ್ಲಿ ಕೈಯಾರೆ ಕೆಲಸ ಮಾಡಿಸುತ್ತಾರೆಯೇ ಅಥವಾ ಸುತ್ತಾಡಿಸಿ ಕರೆತರುತ್ತಾರೆಯೇ? ಸಸ್ಯಾಹಾರಿಗಳಿಗೆ ಅದ್ದಿಕೊಳ್ಳುವ ಸಾಸ್ ಬೇರೆ ಮಾಡಿಕೊಡುತ್ತಾರೆಯೇ? ಮೊದಲನೆಯದಕ್ಕೆ ಇಲ್ಲ ಎಂದರೆ ಬೇರೆ ಕಡೆ ನೋಡಿ. ಎಂಟು ಜನ ನಿಂತು ಒಬ್ಬರು ಹುಯ್ಯುವುದನ್ನು ನೋಡಿದರೆ ಬಾನ್ ಸೆಯೊ ಎಂಬ ಅಕ್ಕಿಹಿಟ್ಟಿನ ಗರಿಗರಿ ದೋಸೆ ಕೈಗೆ ಹತ್ತುವುದಿಲ್ಲ, ದೋಸೆ ಹೇಗೋ ಹಾಗೆಯೇ. ಎಮ್ಮೆ ಸವಾರಿ ಸೇರಿಸಿ ದರ ಏರಿಸಿದ ಪ್ಯಾಕೇಜುಗಳನ್ನು ನಾನಂತೂ ಬಿಟ್ಟೆ. ಆ ಹೊತ್ತು ಒಲೆಯ ಮುಂದೆ ಕಳೆಯುವುದು ಮೇಲು.

ಫೆಬ್ರುವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು ಸುಡುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಯಿ ಆನ್‌ಗೆ ನೆರೆ ಬರುವುದು ಸಾಮಾನ್ಯ, ಮಡಿಗಳೂ ಮುಳುಗುತ್ತವೆ. ಯಾವ ತಿಂಗಳಾದರೂ ಬೆಳಗಿನ ತರಗತಿಯನ್ನೇ ಹಿಡಿಯಿರಿ. ಬಿಸಿಲು ಏರಿದ ಮೇಲೆ ಕಿತ್ತ ಸೊಪ್ಪು ಒಲೆಯ ಹತ್ತಿರ ಬರುವಷ್ಟರಲ್ಲಿ ಬಾಡಿರುತ್ತದೆ.

ಮೊದಲು ಒಂದು ಲೋಟ ಕಾಮಕಸ್ತೂರಿ ಬೀಜದ ಪಾನಕ ಕೊಡುತ್ತಾರೆ, ಆಮೇಲೆ ಶಂಕುವಿನಾಕಾರದ ಟೊಪ್ಪಿ, ಆಮೇಲೆ ಗುದ್ದಲಿ. ಮಡಿಯ ಅಗಲ ಹೆಚ್ಚುಕಡಿಮೆ ಒಂದು ಮೀಟರ್, ಎರಡು ಬದಿಯಿಂದಲೂ ಕೈ ನಡುವಿಗೆ ಎಟುಕಬೇಕು. ಮಣ್ಣು ಸಡಿಲಿಸಿ, ಹಿನ್ನೀರಿನಿಂದ ತಂದ ಜಲಕಳೆಯನ್ನು ಹರಡಿ, ಮೇಲೆ ಮಣ್ಣು ಮುಚ್ಚಿ, ನೀರು ಹಾಕಿ ಸಸಿ ನೆಡಬೇಕು. ಈ ಜಲಕಳೆಯೇ ಟ್ರಾ ಕ್ವೆಯ ಗೊಬ್ಬರ. ಮರಳು ನೆಲದಲ್ಲಿ ನೀರು ನಿಲ್ಲುವುದಿಲ್ಲ, ಸಾರವೂ ನಿಲ್ಲುವುದಿಲ್ಲ. ಮಣ್ಣಿನಡಿಯ ಕಳೆ ತೇವ ಹಿಡಿದಿಟ್ಟು ನಿಧಾನವಾಗಿ ಕೊಳೆಯುತ್ತದೆ. ಅದನ್ನು ಮೇಲೇ ಬಿಟ್ಟರೆ ಬಿಸಿಲಿಗೆ ಒಣಗಿ ಹುಡಿಯಾಗುತ್ತದೆ. ಹೊಸಬರು ಮಾಡುವ ತಪ್ಪು ಇದೇ: ಮಣ್ಣು ತೀರಾ ತೆಳ್ಳಗೆ ಮುಚ್ಚುವುದು.

ನೀರು ಹಾಕುವುದು ಹೆಗಲ ಮೇಲಿನ ಅಡ್ಡೆಯಿಂದ. ಎರಡು ತುದಿಗೂ ಒಂದೊಂದು ರೋಸ್ ಕ್ಯಾನ್ (ತೂತಿನ ಮೂತಿಯ ನೀರಿನ ಡಬ್ಬ) ತೂಗುತ್ತದೆ, ಎರಡು ಮಡಿಗಳ ನಡುವಿನ ಕಾಲುದಾರಿಯಲ್ಲಿ ನಡೆಯುತ್ತ ಎರಡನ್ನೂ ಒಟ್ಟಿಗೆ ಬಗ್ಗಿಸಬೇಕು. ಒಂದನ್ನೇ ಬಗ್ಗಿಸಿದರೆ ಆ ಕಡೆ ಹಗುರಾಗಿ ಅಡ್ಡೆ ಇನ್ನೊಂದು ಕಡೆಗೆ ವಾಲುತ್ತದೆ. ಅರ್ಧ ತುಂಬಿಸಿಕೊಂಡು ಶುರು ಮಾಡಿ, ಯಾರೂ ಏನೂ ಅನ್ನುವುದಿಲ್ಲ.

ನಿಜವಾದ ಪಾಠ ಸೊಪ್ಪು ಕೀಳುವಾಗ ನಡೆಯುತ್ತದೆ. ಈ ಊಟದಲ್ಲಿ ಸೊಪ್ಪು ಅಲಂಕಾರಕ್ಕಲ್ಲ. ಬಾನ್ ಸೆಯೊದ ಒಂದು ತುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಸೊಪ್ಪೇ ಇರುತ್ತದೆ, ಹಾಗಾಗಿ ಯಾವ ಎಲೆ ಯಾವುದರ ಜೊತೆ ಎಂದು ಇಲ್ಲಿಯೇ ತಿಳಿದುಕೊಳ್ಳಬೇಕು. ಹುಂಗ್ ಕ್ವೆ ನಮ್ಮ ಕಾಮಕಸ್ತೂರಿಯ ಜಾತಿ, ಸೋಂಪಿನ ಘಮ ಹೆಚ್ಚು. ತಿಯಾ ತೊ ಒಂದು ಬದಿ ಹಸಿರು, ಇನ್ನೊಂದು ಬದಿ ನೇರಳೆ. ರಾವ್ ರಾಮ್ ಉದ್ದನೆಯ ಚೂಪು ಎಲೆ, ಕೊತ್ತಂಬರಿಗೆ ಮೆಣಸಿನ ಖಾರ ಸೇರಿದಂತೆ. ಗರಗಸದಂಚಿನ ಉದ್ದ ಎಲೆಯ ಕೊತ್ತಂಬರಿಯೂ ಇರುತ್ತದೆ, ಮಲೆನಾಡು ಕೊಡಗಿನ ಹಿತ್ತಲು ಕಂಡವರಿಗೆ ಅದು ಹೊಸದಲ್ಲ. ಯೆಪ್ ಕಾ ಎಂಬ ಹೃದಯಾಕಾರದ ಎಲೆಯನ್ನು ಮಾತ್ರ ಒಂದೇ ಒಂದು ಕಿತ್ತು ಮೊದಲು ಮೂಸಿ ನೋಡಿ, ಹಸಿ ಮೀನಿನ ವಾಸನೆ ಅದಕ್ಕೆ. ಒಗ್ಗದವರು ತಟ್ಟೆಗೆ ಹಾಕಿಕೊಂಡರೆ ಇಡೀ ತುತ್ತು ಕೆಡುತ್ತದೆ. ಎಲ್ಲವನ್ನೂ ಎಳೆಯದಾಗಿ, ತುದಿಯ ನಾಲ್ಕೈದು ಎಲೆ ಬರುವಂತೆ ಚಿವುಟಬೇಕು. ಬುಡದ ದೊಡ್ಡ ಎಲೆ ನಾರು, ಕಹಿ. ಹಸಿಯಾಗಿ ತಿನ್ನುವುದರಿಂದ ಮೂರು ನೀರಿನಲ್ಲಿ ತೊಳೆದು, ಚೆನ್ನಾಗಿ ಕೊಡವಿ ಒಣಗಿಸಿ. ನೀರು ಉಳಿದರೆ ಮುಂದೆ ದೋಸೆಯ ಗರಿ ಅಲ್ಲಿಯೇ ಸಾಯುತ್ತದೆ.

ಅಡುಗೆಯಲ್ಲಿ ಮೊದಲು ಸಾಸ್. ನೂಕ್ ಮಾಮ್ ಎಂಬ ಮೀನಿನ ಸಾಸ್‌ನಿಂದ ಮಾಡುವ ನೂಕ್ ಚಮ್‌ಗೆ ಲೆಕ್ಕ ಸುಲಭ: ಮೀನಿನ ಸಾಸ್ 1 ಪಾಲು, ಸಕ್ಕರೆ 1, ನಿಂಬೆರಸ 1, ಬೆಚ್ಚನೆಯ ನೀರು 4. ಮೊದಲು ನೀರಿನಲ್ಲಿ ಸಕ್ಕರೆ ಪೂರ್ತಿ ಕರಗಬೇಕು, ಆಮೇಲೆ ನಿಂಬೆರಸ, ಆಮೇಲೆ ಸಾಸ್. ಸಣ್ಣಗೆ ಕೊಚ್ಚಿದ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಕೊನೆಗೆ. ಆಗ ಅವು ಮೇಲೆ ತೇಲುತ್ತವೆ, ಅದ್ದಿದಾಗಲೆಲ್ಲ ತುತ್ತಿಗೆ ಸಿಗುತ್ತವೆ. ನೀರು ಕುದಿಯುವಷ್ಟು ಬಿಸಿಯಿದ್ದರೆ ನಿಂಬೆಯ ಘಮ ಹಾರಿಹೋಗುತ್ತದೆ.

ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. "ತೊಯ್ ಅನ್ ಚಾಯ್" ಎಂದರೆ ನಾನು ಸಸ್ಯಾಹಾರಿ ಎಂದು. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿನ ಅನೇಕರು ತಾವೇ ಚಾಯ್ ಊಟ ಮಾಡುವುದರಿಂದ ಈ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಆದರೂ ಸಾಸ್ ಬಗ್ಗೆ ಬೇರೆಯಾಗಿ ಕೇಳಿ. ಮಧ್ಯ ವಿಯೆಟ್ನಾಂನಲ್ಲಿ ಬಾನ್ ಸೆಯೊ ಜೊತೆ ಕೊಡುವ ಗಟ್ಟಿ ಕಡಲೆಕಾಯಿ ಸಾಸ್ ನೋಡುವುದಕ್ಕೆ ನಮ್ಮ ಶೇಂಗಾ ಚಟ್ನಿಯಂತೆಯೇ ಇರುತ್ತದೆ, ಹಲವು ಕಡೆ ಅದರಲ್ಲಿ ಹಂದಿಯ ಲಿವರ್ ಅರೆದಿರುತ್ತಾರೆ. ಚಾಯ್ ನೂಕ್ ಚಮ್‌ಗೆ ಮೀನಿನ ಸಾಸ್ ಬದಲು ಸೋಯಾ ಸಾಸ್, ನೀರಿನ ಬದಲು ಎಳನೀರು ಹಾಕಿ, ಸಕ್ಕರೆ ಅರ್ಧಕ್ಕಿಳಿಸಿ, ಒಂದು ಚಿಟಿಕೆ ಉಪ್ಪು ಸೇರಿಸಿದರೆ ರುಚಿ ಕೂಡುತ್ತದೆ.

ಇನ್ನು ಬಾನ್ ಸೆಯೊ. ಸೆಯೊ ಎಂದರೆ ಕಾದ ಎಣ್ಣೆಗೆ ಹಿಟ್ಟು ಬಿದ್ದಾಗಿನ ಚುಂಯ್ ಸದ್ದು. ದಕ್ಷಿಣ ವಿಯೆಟ್ನಾಂನಲ್ಲಿ ತೆಂಗಿನ ಹಾಲು ಹಾಕಿ ಅಗಲವಾಗಿ, ತೆಳ್ಳಗೆ ಮಾಡುತ್ತಾರೆ. ಈ ಕಡೆಯದು ಅಂಗೈಗಿಂತ ಸ್ವಲ್ಪ ದೊಡ್ಡದು, ತೆಂಗಿನ ಹಾಲಿಲ್ಲ, ಗರಿ ಹೆಚ್ಚು. ಎಂಟು ಬಾನ್ ಸೆಯೊಗೆ ನಾನು ಬಳಸುವ ಅಳತೆ: ನುಣ್ಣನೆ ಅಕ್ಕಿಹಿಟ್ಟು 200 ಗ್ರಾಂ, ಕಾರ್ನ್‌ಫ್ಲೋರ್ 1 ಟೇಬಲ್ ಚಮಚ, ಅರಿಶಿನ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ನೀರು 400 ಮಿ.ಲೀ., ಸಣ್ಣಗೆ ಹೆಚ್ಚಿದ ಈರುಳ್ಳಿ ಹೂ ಎರಡು ಎಸಳು. ಕಲಸಿ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಹುದುಗು ಬೇಡ. ಹದ ಹೇಳುವುದಾದರೆ ನೀರ್ ದೋಸೆಗಿಂತ ಒಂದು ಹದ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ಎಷ್ಟೋ ತೆಳು. ಅರಿಶಿನ ಮಾತ್ರ ಜಾಸ್ತಿ ಮಾಡಬೇಡಿ, ಬಣ್ಣ ಚೆಂದ ಬಂದರೂ ಕಹಿಯಾಗುತ್ತದೆ.

ದೋಸೆ ಹುಯ್ದು ಪಳಗಿದ ಕೈಗೆ ಇಲ್ಲಿ ಮೂರು ಕಡೆ ಅಡ್ಡಿಯಾಗುತ್ತದೆ. ಒಂದು, ನಾವು ಕಾವಲಿ ಕಾದ ಮೇಲೆ ನೀರು ಚಿಮುಕಿಸಿ ಶಾಖ ಇಳಿಸಿ ಹಿಟ್ಟು ಹುಯ್ಯುತ್ತೇವೆ. ಇಲ್ಲಿ ಶಾಖ ಇಳಿಯಲೇಬಾರದು. ಎರಡು, ಸೌಟಿನ ಬೆನ್ನಿನಿಂದ ತಿರುಗಿಸಿ ಹರಡುವುದು. ಈ ಹಿಟ್ಟಿಗೆ ಸೌಟು ತಾಗಿಸಿದರೆ ಹರಿದು ಮುದ್ದೆಯಾಗುತ್ತದೆ, ಪ್ಯಾನ್ ಎತ್ತಿ ಓರೆ ಮಾಡಿ ಹರಿಸಬೇಕು. ಮೂರನೆಯದು ಮುಚ್ಚಳ. ನೀರ್ ದೋಸೆ ಮೆತ್ತಗೆ ಉಳಿಯಬೇಕೆಂದು ಮುಚ್ಚಿಯೇ ಬೇಯಿಸುತ್ತೇವೆ. ಬಾನ್ ಸೆಯೊಗೆ ಒಂದು ನಿಮಿಷ ಮುಚ್ಚಿ ಆಮೇಲೆ ತೆಗೆದುಬಿಡಬೇಕು.

ಹಾಗಾದರೆ ಕ್ರಮ ಹೀಗೆ. 18 ಸೆಂ.ಮೀ. ಅಗಲದ ಚಿಕ್ಕ ಪ್ಯಾನ್ ಚೆನ್ನಾಗಿ ಕಾಯಲಿ. ಒಂದು ಟೇಬಲ್ ಚಮಚ ಎಣ್ಣೆ, ಅದರಲ್ಲಿ ಎರಡು ಮೂರು ಸಣ್ಣ ಸೀಗಡಿ, ತೆಳ್ಳಗೆ ಸೀಳಿದ ಹಂದಿಮಾಂಸದ ಎರಡು ತುಂಡು ಅರೆಬೇಯಬೇಕು. ಸಸ್ಯಾಹಾರಿಗಳಿಗೆ ಅಣಬೆ, ತೋಫು. ಅಣಬೆಯನ್ನು ಮಾತ್ರ ಮೊದಲೇ ಬೇರೆಯಾಗಿ ಹುರಿದು ನೀರು ಇಂಗಿಸಿಕೊಳ್ಳಿ. ಹಿಟ್ಟನ್ನು ತಳದಿಂದ ಕಲಕಿ (ಪ್ರತಿ ಸಲವೂ ಕಲಕಬೇಕು, ಅಕ್ಕಿಹಿಟ್ಟು ಎರಡೇ ನಿಮಿಷಕ್ಕೆ ತಳ ಸೇರುತ್ತದೆ), ಸುಮಾರು 65 ಮಿ.ಲೀ. ಬರುವ ಒಂದು ಸೌಟು ಹುಯ್ದು ತಕ್ಷಣ ಪ್ಯಾನ್ ತಿರುಗಿಸಿ. ಮೇಲೆ ಒಂದು ಸಣ್ಣ ಹಿಡಿ ಹೆಸರುಕಾಳಿನ ಮೊಳಕೆ. ಮುಚ್ಚಳ, ಒಂದು ನಿಮಿಷ. ಮುಚ್ಚಳ ತೆಗೆಯುವಾಗ ಅದರ ಒಳಗಿನ ನೀರು ದೋಸೆಯ ಮೇಲೆ ಸೋರದಂತೆ ಪಕ್ಕಕ್ಕೆ ಸರಿಸಿ. ಉರಿ ಮಧ್ಯಮಕ್ಕಿಳಿಸಿ ಅಂಚಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಎರಡು ಮೂರು ನಿಮಿಷ ಕಾಯಬೇಕು.

ಆ ಎರಡು ಮೂರು ನಿಮಿಷ ಕಿವಿಗೆ ಕೆಲಸ. ಮೊದಲು ಕೇಳಿಸುವುದು ನೀರು ಕುದಿಯುವಂಥ ತೇವದ ಸದ್ದು, ಬುಳುಬುಳು ಎಂದು. ನೀರು ಹಾರುತ್ತ ಬಂದಂತೆ ಸದ್ದು ತೆಳುವಾಗಿ ಚಟಪಟಕ್ಕೆ ತಿರುಗುತ್ತದೆ. ಅಂಚು ತಾನಾಗಿ ಪ್ಯಾನ್ ಬಿಟ್ಟು ಮೇಲೇಳುತ್ತದೆ, ತಳ ಹಳದಿಯಿಂದ ಜೇನುಬಣ್ಣಕ್ಕೆ ಬಂದಿರುತ್ತದೆ. ಪ್ಯಾನ್ ಅಲ್ಲಾಡಿಸಿದರೆ ಇಡೀ ದೋಸೆ ಜಾರಬೇಕು. ಜಾರದಿದ್ದರೆ ಸಟ್ಟುಗ ಹಾಕಬೇಡಿ, ಇನ್ನರ್ಧ ನಿಮಿಷ ಬಿಡಿ. ನನ್ನ ಮೊದಲ ಮೂರೂ ಮುರಿದದ್ದು ಈ ಅರ್ಧ ನಿಮಿಷ ಕಾಯದೆ. ಮಡಚಿದ ಮೇಲೆ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸದೆ ತಂತಿಯ ಜಾಲರಿಯ ಮೇಲಿಡಿ, ಪೇರಿಸಿದರೆ ಹಬೆಗೆ ತಳ ಮೆತ್ತಗಾಗುತ್ತದೆ.

ಗರಿ ಬರದಿದ್ದರೆ ಕಾರಣ ಹೆಚ್ಚಾಗಿ ಇವೇ: ಪ್ಯಾನ್ ಕಾದಿರಲಿಲ್ಲ, ಮೊಳಕೆ ಜಾಸ್ತಿಯಾಗಿ ನೀರು ಬಿಟ್ಟಿತು, ಮುಚ್ಚಳ ತೆಗೆಯುವುದು ಮರೆತು ಹೋಯಿತು. ತೂತು ತೂತಾಗಿ ಮೂಡಿದರೆ ಅದು ಸರಿಯೇ, ಒಳ್ಳೆಯ ಶಾಖದ ಗುರುತು.

ತಿನ್ನುವಾಗ ಬಾನ್ ಚಾಂಗ್ ಎಂಬ ಅಕ್ಕಿ ಹಾಳೆಯ ಮೇಲೆ ಲೆಟ್ಯೂಸ್, ನಾವೇ ಕಿತ್ತ ಸೊಪ್ಪು, ತೆಳ್ಳಗೆ ಹೆಚ್ಚಿದ ಬಾಳೆಕಾಯಿ, ಅದರ ಮೇಲೆ ಬಾನ್ ಸೆಯೊದ ತುಂಡು ಇಟ್ಟು ಸುತ್ತಿ ಅದ್ದಬೇಕು. ಬಾಳೆಕಾಯಿಯ ಒಗರು ಎಣ್ಣೆಯ ಜಿಡ್ಡನ್ನು ಕಡಿಯುತ್ತದೆ, ಬಿಡಬೇಡಿ. ಒಣ ಹಾಳೆಯಾದರೆ ಎರಡು ಮೂರು ಸೆಕೆಂಡು ತಣ್ಣೀರಿನಲ್ಲಿ ಆಡಿಸಿ ತೆಗೆಯಿರಿ. ಗಟ್ಟಿ ಅನ್ನಿಸಿದರೂ ಸುತ್ತುವಷ್ಟರಲ್ಲಿ ಮೆತ್ತಗಾಗುತ್ತದೆ. ಮೆತ್ತಗಾಗುವ ತನಕ ನೆನೆಸಿದರೆ ಹರಿಯುತ್ತದೆ.

ಉಳಿದ ತಿನಿಸುಗಳು ಸುಲಭ. ತಾಮ್ ಹೂ ಎಂದರೆ ಮೂವರು ಗೆಳೆಯರು: ಬೇಯಿಸಿದ ಸೀಗಡಿ, ಹಂದಿಮಾಂಸದ ಹೋಳು, ಸೊಪ್ಪು ಸೇರಿಸಿ ಈರುಳ್ಳಿ ಹೂವಿನ ಎಸಳಿನಿಂದ ಕಟ್ಟುವುದು. ಎಸಳನ್ನು ಕುದಿನೀರಿನಲ್ಲಿ ಹತ್ತು ಸೆಕೆಂಡು ಅದ್ದಿ ತಣ್ಣೀರಿಗೆ ಹಾಕಿದರೆ ಬಾಳೆನಾರಿನಂತೆ ಬಳುಕುತ್ತದೆ. ಹೂ ಕಟ್ಟಿ ಅಭ್ಯಾಸವಿರುವವರಿಗೆ ಇದು ಎರಡೇ ನಿಮಿಷದ ಕೆಲಸ. ಬಾಳೆಲೆಯಲ್ಲಿ ಸುಡುವ ಮೀನಿಗೆ ಅರಿಶಿನ, ಮಜ್ಜಿಗೆ ಹುಲ್ಲು, ಸಾಂಬಾರ ಈರುಳ್ಳಿ ಸಾಕು. ಎಲೆಯನ್ನು ಕೆಂಡಕ್ಕೆ ಹಿಡಿದು ಬಾಡಿಸಿಕೊಳ್ಳುವುದು ನಮ್ಮಂತೆಯೇ. ಕೊನೆಗೆ ಬಿಸಿನೀರಿಗೆ ಸೊಪ್ಪು, ಶುಂಠಿ ಹಾಕಿ ಕಾಲು ಅದ್ದಿ ಕೂರಿಸುತ್ತಾರೆ.

ಊರಿಗೆ ಮರಳುವಾಗ ಬೀಜ, ಕಡ್ಡಿ ತರುವ ಆಸೆ ಸಹಜ. ತರಬೇಡಿ, ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ತರುವಂತಿಲ್ಲ. ಕಾಮಕಸ್ತೂರಿ, ಪುದೀನ, ಗರಗಸದ ಕೊತ್ತಂಬರಿ ನಮ್ಮಲ್ಲೇ ಇವೆ, ಈ ಮೂರರಿಂದ ತಟ್ಟೆ ತುಂಬುತ್ತದೆ. ಅಂಗಡಿಯ ಅಕ್ಕಿಹಿಟ್ಟು ರೊಟ್ಟಿಗೆಂದು ಬೀಸಿದ್ದು, ತರಿಯಿರುವುದರಿಂದ ಬಾನ್ ಸೆಯೊ ಒಡೆಯುತ್ತದೆ. 200 ಗ್ರಾಂ ಸೋನಾ ಮಸೂರಿಯನ್ನು ನಾಲ್ಕು ಗಂಟೆ ನೆನೆಸಿ ನೀರು ಬಸಿದು, ನೀರ್ ದೋಸೆಗೆ ರುಬ್ಬುವಂತೆ ಬೆರಳಿಗೆ ತರಿ ಸಿಗದ ಹಾಗೆ ರುಬ್ಬಿ. ಅಕ್ಕಿ ಆಗಲೇ ನೀರು ಕುಡಿದಿರುವುದರಿಂದ ರುಬ್ಬಲು ಹಾಕಿದ್ದೂ ಸೇರಿ 330 ಮಿ.ಲೀ. ಸಾಕು. ಮೊಳಕೆಯದೂ ಒಂದು ತೊಡಕು: ಕೋಸಂಬರಿಗೆ ಕಟ್ಟುವ ಗಿಡ್ಡ ಮೊಳಕೆ ಒಂದು ನಿಮಿಷದ ಹಬೆಗೆ ಬೇಯುವುದಿಲ್ಲ. ಹೆಸರುಕಾಳನ್ನು ತೂತಿನ ಪಾತ್ರೆಯಲ್ಲಿ, ಕತ್ತಲಲ್ಲಿ, ಮೇಲೆ ಭಾರವಿಟ್ಟು, ದಿನಕ್ಕೆ ಮೂರು ಸಲ ನೀರು ಹನಿಸಿದರೆ ನಾಲ್ಕೈದು ದಿನಕ್ಕೆ ಬೆರಳುದ್ದದ ಬಿಳಿ ಮೊಳಕೆ ಸಿಗುತ್ತದೆ. ಬೆಳಕು ಬಿದ್ದರೆ ಹಸಿರಾಗಿ ಕಹಿಯಾಗುತ್ತದೆ, ಆದ್ದರಿಂದ ನೀರು ಹನಿಸುವಾಗಲೂ ಬಟ್ಟೆ ಪೂರ್ತಿ ಸರಿಸಬೇಡಿ.