ವೀಕ್ ಮೆಷರ್‌ಮೆಂಟ್‌ನಲ್ಲಿ ಸ್ಪಾಟ್ ಜರುಗ್ತಾನೇ ಇರ್ಲಿಲ್ಲ, ಸರಿಯಾಗಿದ್ದು ಹೀಗೆ

ಇಲ್ಲಿ ವೀಕ್ ಮೆಷರ್‌ಮೆಂಟ್ ಅಂದ್ರೆ ಬೆಳಕಿನ ಎರಡು ಪೋಲರೈಸೇಶನ್‌ಗಳನ್ನ (ಅಲೆ ಕಂಪಿಸೋ ದಿಕ್ಕುಗಳನ್ನ) ಚೂರೇ ಚೂರು ಬೇರೆ ಮಾಡಿ, ಬಹುಪಾಲು ಬೆಳಕನ್ನ ತಡೆದು, ಉಳಿದ ಬೆಳಕಿನ ಸ್ಪಾಟ್ ಆ ಅಂತರಕ್ಕಿಂತ ತುಂಬಾ ಹೆಚ್ಚು ಜರುಗೋ ಹಾಗೆ ಮಾಡೋದು. ನನ್ನ ಸೆಟಪ್: ಹೀಲಿಯಂ-ನಿಯಾನ್ ಲೇಸರ್, 45 ಡಿಗ್ರಿ ಪೋಲರೈಸರ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಬಿಡೋದು), ಎರಡು ಪೋಲರೈಸೇಶನ್ ಬೇರೆ ಮಾಡೋ ತೆಳು ಕ್ವಾರ್ಟ್ಜ್ ಪ್ಲೇಟ್, ಅನಲೈಸರ್ (ಕೊನೇಲಿರೋ ಎರಡನೇ ಪೋಲರೈಸರ್), ಕ್ಯಾಮೆರಾ. 1991ರಲ್ಲಿ ರಿಚಿ, ಸ್ಟೋರಿ, ಹುಲೆಟ್ ಅನ್ನೋ ಭೌತವಿಜ್ಞಾನಿಗಳು ಇಂಥದ್ರಲ್ಲೇ 0.64 ಮೈಕ್ರಾನ್ ಅಂತರವನ್ನ ಸುಮಾರು 20 ಪಟ್ಟು ಹಿಗ್ಗಿಸಿ ತೋರ್ಸಿದ್ರು, ನನ್ನದ್ರಲ್ಲಿ ಮಾತ್ರ ಅನಲೈಸರ್ ಕ್ರಾಸ್ ಮಾಡಿದ್ರೂ (ಪೋಲರೈಸರ್‌ಗೆ 90 ಡಿಗ್ರಿ ಅಡ್ಡ ಇಟ್ರೂ) ಕತ್ತಲಾಗ್ತಿರ್ಲಿಲ್ಲ, ಸ್ಪಾಟೂ ಕದಲ್ತಿರ್ಲಿಲ್ಲ. ಕ್ಯಾಮೆರಾ ಬದಲಿಸ್ದೆ, ಶೀಟ್ ಪೋಲರೈಸರ್ ತೆಗೆದು ಗ್ಲಾನ್-ಥಾಂಪ್ಸನ್ (ಇನ್ನೂ ಚೊಕ್ಕವಾಗಿ ತಡೆಯೋ ಸ್ಫಟಿಕದ ಪೋಲರೈಸರ್) ಹಾಕ್ದೆ, ಊಹೂಂ.

ತಪ್ಪಿದ್ದಿದ್ದು ಪ್ಲೇಟ್‌ನಲ್ಲಿ, ಎರಡು ಪೋಲರೈಸೇಶನ್ ನಡುವೆ ಫೇಸ್ ವ್ಯತ್ಯಾಸ (ಅಲೆಗಳು ಒಂದಕ್ಕೊಂದು ಹಿಂದು-ಮುಂದಾಗೋದು) ಉಳ್ಕೊಂಡು ಬೆಳಕು ಎಲಿಪ್ಟಿಕಲ್ ಆಗ್ತಿತ್ತು, ಅಂಥ ಬೆಳಕನ್ನ ಅನಲೈಸರ್ ಪೂರ್ತಿ ತಡೆಯೋಕಾಗಲ್ಲ. ಮೊದ್ಲು ಪ್ಲೇಟ್ ಇಲ್ದೇನೇ ಕ್ರಾಸ್ ಮಾಡಿ ಕತ್ತಲಾಗತ್ತಾ ನೋಡಿ, ಆಮೇಲೆ ಪ್ಲೇಟ್ ಇಟ್ಟು, ಅನಲೈಸರ್ ಮುಟ್ಟದೆ ಪ್ಲೇಟನ್ನೇ ಚೂರು ಚೂರು ಓರೆ ಮಾಡ್ತಾ ಹೋಗಿ, ಮತ್ತೆ ಕತ್ತಲಾಗಿ ನಡುವೆ ಕಪ್ಪು ಗೆರೆ ಇರೋ ಎರಡು ಮಸುಕು ಸ್ಪಾಟ್ ಕಂಡ್ರೆ ಅಲ್ಲೇ ಬಿಗಿ ಮಾಡಿ. ಈಗ ಅನಲೈಸರ್ 1.3 ಡಿಗ್ರಿ ತಿರುಗಿಸಿ. ಉಳಿಯೋ ಬೆಳಕು 2000ದಲ್ಲಿ ಒಂದು ಪಾಲಷ್ಟೇ, ಆಟೋ ಎಕ್ಸ್‌ಪೋಶರ್ ಆಫ್ ಇರ್ಲಿ. ಕತ್ತಲಾಗಿದ್ದ ಜಾಗದಿಂದ ಇನ್ನೊಂದು ಕಡೆಗೆ 1.3 ತಿರುಗಿಸಿದ್ರೆ ಸ್ಪಾಟ್ ಎದುರು ದಿಕ್ಕಿಗೆ ಜರುಗ್ಬೇಕು.